ಬಡಾವಣೆಯ ಹೋಟೆಲು: ಲೆಕ್ಕದಲ್ಲಿ ಬರೆಯದ ಬಾಡಿಗೆ

ಬೆಂಗಳೂರಿನ ಯಾವುದೇ ಹಳೆಯ ಬಡಾವಣೆಯಲ್ಲಿ ಬೆಳಗಿನ ಆರೂವರೆಗೆ ವ್ಯಾಪಾರ ಆರಂಭಿಸಿರುವವರು ಮೂವರೇ. ಹಾಲಿನ ಬೂತಿನವರು, ಹೂವು ಮಾರುವವರು ಮತ್ತು ಹೋಟೆಲಿನವರು. ವಾಯುವಿಹಾರ ಮುಗಿಸಿ ಬಂದ ನಿವೃತ್ತರು, ಕಾರ್ಖಾನೆಯ ಮೊದಲ ಪಾಳಿಗೆ ಹೊರಟವರು, ಊರಿನಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದವರು ಎಲ್ಲರೂ ಅಲ್ಲಿ ನಿಂತು ಇಡ್ಲಿ ತಿಂದು ಕಾಫಿ ಕುಡಿಯುತ್ತಾರೆ. ಈ ಪತ್ರಿಕೆಯ ಓದುಗರಲ್ಲಿ ಅನೇಕರು ತಮ್ಮ ವ್ಯವಹಾರದ ಮೊದಲ ಮಾತುಕತೆಯನ್ನು ಕಛೇರಿಯಲ್ಲಿ ನಡೆಸಿದವರಲ್ಲ, ಇಂತಹ ಹೋಟೆಲಿನ ಮೇಜಿನ ಮುಂದೆ ನಡೆಸಿದವರು. ಪೀಣ್ಯದ ಚಿಕ್ಕ ವರ್ಕ್‌ಶಾಪಿನ ಮಾಲೀಕರಾಗಲಿ, ಚಿಕ್ಕಪೇಟೆಯ ಜವಳಿ ವರ್ತಕರಾಗಲಿ, ಗಿರಾಕಿಯನ್ನು ‘ಬನ್ನಿ, ಬೈ ಟೂ ಕಾಫಿ ಕುಡಿಯೋಣ’ ಎಂದು ಕರೆದೊಯ್ದು ದರ ಕುದುರಿಸಿಕೊಂಡ ಪ್ರಸಂಗಗಳು ಸಾಕಷ್ಟಿರುತ್ತವೆ.

ಆದರೂ ಈ ಉದ್ಯಮದ ಲೆಕ್ಕಪತ್ರದ ಬಗ್ಗೆ ನಾವು ಯೋಚಿಸುವುದು ಅಪರೂಪ. ಕಾಫಿಯ ಬೆಲೆ ಎರಡು ರೂಪಾಯಿ ಏರಿದರೆ ಅದು ದಿನಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಅದೇ ಹೋಟೆಲಿನ ಬಾಡಿಗೆ ದುಪ್ಪಟ್ಟಾದರೆ ಅದು ಮಾಲೀಕರಿಗೂ ಕಟ್ಟಡದ ಒಡೆಯರಿಗೂ ಮಾತ್ರ ತಿಳಿದ ಸಂಗತಿಯಾಗಿ ಉಳಿಯುತ್ತದೆ. ಒಂದು ದಿನ ಬಾಗಿಲ ಮೇಲೆ ‘ನಮ್ಮ ಗ್ರಾಹಕರಿಗೆ ಧನ್ಯವಾದಗಳು’ ಎಂಬ ಕಾಗದ ಅಂಟಿಸಿದಾಗ ಬಡಾವಣೆಯವರೆಲ್ಲ ಮರುಗುತ್ತಾರೆ. ಜನ ತುಂಬಿ ತುಳುಕುತ್ತಿದ್ದ ಹೋಟೆಲು ಏಕೆ ಮುಚ್ಚಿತೆಂಬುದು ಬಹುಮಂದಿಗೆ ಅರ್ಥವಾಗುವುದಿಲ್ಲ. ನನ್ನ ವೃತ್ತಿಯಲ್ಲಿ ಇಂತಹ ಕೆಲವು ಹೋಟೆಲುಗಳ ಲೆಕ್ಕವನ್ನು ಹಲವು ವರ್ಷಗಳಿಂದ ನೋಡುತ್ತ ಬಂದಿರುವುದರಿಂದ, ಆ ಕಾರಣವನ್ನು ಅಂಕಿಗಳ ಸಹಿತ ವಿವರಿಸಬಹುದೆಂದು ಭಾವಿಸಿದ್ದೇನೆ. ಇದರಲ್ಲಿ ನನ್ನದೇ ಒಂದು ಲೋಪದ ಪ್ರಸ್ತಾಪವೂ ಇದೆ.

ನಾಲ್ಕು ಸಂಸ್ಥೆಗಳು, ನಾಲ್ಕು ವಿಧಾನಗಳು

ನಗರದ ಹೋಟೆಲು ಉದ್ಯಮದ ಇತಿಹಾಸವೆಂದರೆ ಬಹುಮಟ್ಟಿಗೆ ಸ್ಥಳ ಮತ್ತು ಸಮಯವನ್ನು ಉಳಿಸಿದ ಇತಿಹಾಸವೇ ಆಗಿದೆ. ಕರಾವಳಿಯಿಂದ ಬಂದ ಪರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಬ್ರಾಹ್ಮಣರ ಕಾಫಿ ಕ್ಲಬ್ಬು 1960ರಲ್ಲಿ ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಅಲ್ಲಿ ಇಂದಿಗೂ ಕುಳಿತು, ಕಾದು, ನಿಧಾನವಾಗಿ ತಿನ್ನುವ ಪದ್ಧತಿಯಿದೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಆರಂಭವಾದದ್ದು. ಹೆಸರೇ ಹೇಳುವಂತೆ ವಿದ್ಯಾರ್ಥಿಗಳನ್ನು ನೆಚ್ಚಿಕೊಂಡು ಹುಟ್ಟಿದ ಅದು ಇಂದು ದೋಸೆಯೊಂದರಿಂದಲೇ ಪ್ರಸಿದ್ಧವಾಗಿದೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದು. ಇಡ್ಲಿ, ವಡೆ, ಖಾರಾಭಾತು, ಕೇಸರಿಭಾತು ಮತ್ತು ಕಾಫಿ. ಸಾಂಬಾರನ್ನೂ ಇಡದೆ ಚಟ್ನಿಯೊಂದನ್ನೇ ನಂಬಿ ನಡೆದ ವ್ಯಾಪಾರ. ತಯಾರಿಕಾ ಉದ್ಯಮದವರು ಉತ್ಪನ್ನಗಳ ಸಂಖ್ಯೆಯನ್ನು ಮಿತಗೊಳಿಸಬೇಕೆಂಬ ಪಾಠವನ್ನು ದೊಡ್ಡ ಶುಲ್ಕ ತೆತ್ತು ಸಲಹೆಗಾರರಿಂದ ಕೇಳುತ್ತಾರೆ. ಅದನ್ನು ಶಂಕರಪುರದ ರಸ್ತೆ ಬದಿಯಲ್ಲಿ ನಿಂತು ಒಂದು ಪ್ಲೇಟು ಇಡ್ಲಿಯ ಬೆಲೆಗೆ ಕಲಿಯಬಹುದು.

ನಾಲ್ಕನೆಯದು 1983ರಲ್ಲಿ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿ. ಕುರ್ಚಿಗಳಿಲ್ಲ, ಮಾಣಿಗಳಿಲ್ಲ. ಮೊದಲು ಹಣ, ನಂತರ ಚೀಟಿ, ಆನಂತರ ತಿಂಡಿ. ಎದೆಯೆತ್ತರದ ಮೇಜಿನ ಬಳಿ ನಿಂತು ತಿಂದು, ತಟ್ಟೆಯನ್ನು ತೊಟ್ಟಿಯಲ್ಲಿಟ್ಟು ಹೊರಡುವುದು. ‘ದರ್ಶಿನಿ’ ಎಂಬುದು ಒಂದು ಹೋಟೆಲಿನ ಹೆಸರಾಗಿದ್ದುದು ಕ್ರಮೇಣ ಒಂದು ವರ್ಗದ ಹೋಟೆಲುಗಳ ಹೆಸರೇ ಆಗಿಬಿಟ್ಟಿತು. ಲೆಕ್ಕಪರಿಶೋಧಕನ ದೃಷ್ಟಿಯಿಂದ ನೋಡಿದರೆ ಇದೊಂದು ಅಪೂರ್ವ ವ್ಯವಸ್ಥೆ. ಕುಳಿತು ತಿನ್ನುವ ಗ್ರಾಹಕ ನಲವತ್ತು ನಿಮಿಷ ಹಿಡಿಯುವ ಜಾಗವನ್ನು ನಿಂತು ತಿನ್ನುವವನು ಹತ್ತು ನಿಮಿಷದಲ್ಲಿ ಬಿಟ್ಟುಕೊಡುತ್ತಾನೆ. ಅಂದರೆ ಅದೇ ಚದರಡಿಯಲ್ಲಿ ನಾಲ್ಕು ಪಟ್ಟು ವ್ಯಾಪಾರ. ಅದಕ್ಕಿಂತ ಮಿಗಿಲಾದದ್ದು ನಗದಿನ ಓಟ. ಗ್ರಾಹಕನು ತಿನ್ನುವ ಮೊದಲೇ ಹಣ ಕೊಟ್ಟಿರುತ್ತಾನೆ, ದಿನಸಿ ಮಂಡಿಯವರಿಗೆ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಪಾವತಿಸಿದರೆ ಸಾಕು. ನಮ್ಮ ಸಣ್ಣ ಕೈಗಾರಿಕೆಗಳವರು ಮಾಲು ಕೊಟ್ಟು, 45 ದಿನಗಳ ನಿಯಮವಿದ್ದರೂ 90 ದಿನ ಕಾಯುವ ಸ್ಥಿತಿಯನ್ನು ಇದರೊಡನೆ ಹೋಲಿಸಿದರೆ ಅಸೂಯೆ ಹುಟ್ಟದಿರದು.

ಆದರೆ ಈ ನಗದಿನ ಓಟವೇ ಹೋಟೆಲಿನವರನ್ನು ಮೋಸಗೊಳಿಸುತ್ತದೆ ಎಂಬುದು ನನ್ನ ಅನುಭವ. ಗಲ್ಲಾ ಸದಾ ತುಂಬಿರುವವರಿಗೆ ತಾವು ನಷ್ಟದಲ್ಲಿರಬಹುದೆಂಬ ಅನುಮಾನವೇ ಬರುವುದಿಲ್ಲ. ಸಾಲಗಾರರ ಬಾಕಿಯಿಂದ ಬಳಲುವ ಕಾರ್ಖಾನೆಯವನಿಗೆ ಬ್ಯಾಂಕಿನ ಓವರ್‌ಡ್ರಾಫ್ಟು ಪ್ರತಿ ತಿಂಗಳೂ ಎಚ್ಚರಿಕೆ ಕೊಡುತ್ತದೆ. ಹೋಟೆಲಿನವರಿಗೆ ಅಂತಹ ಎಚ್ಚರಿಕೆಯ ಗಂಟೆಯೇ ಇಲ್ಲ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನೆಯಬಹುದು. 1975ರ ತುರ್ತುಪರಿಸ್ಥಿತಿಯಲ್ಲಿ ಹೋಟೆಲಿನ ತಿಂಡಿಗಳನ್ನು ತೀರ ಕಡಿಮೆ ಬೆಲೆಗೆ ಮಾರಬೇಕೆಂಬ ನಿರ್ಬಂಧ ಬಂದಾಗ ಮಾವಳ್ಳಿಯ ಸಂಸ್ಥೆಯವರಿಗೆ ತಮ್ಮ ಗುಣಮಟ್ಟವನ್ನು ಕಾಯ್ದುಕೊಂಡು ಆ ಬೆಲೆಯಲ್ಲಿ ನಡೆಸುವುದು ಕಷ್ಟವಾಯಿತು. ಅವರು ಸಿದ್ಧ ಆಹಾರ ಮಿಶ್ರಣಗಳ ತಯಾರಿಕೆಯತ್ತ ತಿರುಗಿದರು. ಆ ಪೊಟ್ಟಣದ ಉದ್ಯಮವು ಬೆಳೆದು 2007ರಲ್ಲಿ ನಾರ್ವೆಯ ಆರ್ಕ್ಲಾ ಕಂಪನಿಯ ಪಾಲಾಯಿತು. ಹೋಟೆಲು ಕುಟುಂಬದವರಲ್ಲೇ ಉಳಿಯಿತು. ತಮ್ಮ ಒಂದು ಪ್ಲೇಟಿನ ನೈಜ ವೆಚ್ಚವೆಷ್ಟೆಂಬುದು ಖಚಿತವಾಗಿ ಗೊತ್ತಿದ್ದವರಿಗೆ ಮಾತ್ರ, ಇಂತಹ ಬೆಲೆಯಲ್ಲಿ ಮುಂದುವರಿಯಲಾಗದು ಎಂಬ ನಿರ್ಧಾರವನ್ನು ಸಕಾಲದಲ್ಲಿ ಕೈಗೊಳ್ಳಲು ಸಾಧ್ಯ.

ಹಾಲಿನ ನೆಪ

ಕಾಫಿಯ ಬೆಲೆ ಏರಿಸಿದಾಗಲೆಲ್ಲ ಹೋಟೆಲಿನವರು ಹಾಲಿನ ದರವನ್ನು ತೋರಿಸುತ್ತಾರೆ. ನಂದಿನಿ ಹಾಲಿನ ದರ 2023ರ ಆಗಸ್ಟಿನಲ್ಲಿ ಲೀಟರಿಗೆ 3 ರೂಪಾಯಿ, 2025ರ ಏಪ್ರಿಲ್ 1ರಿಂದ 4 ರೂಪಾಯಿ ಏರಿದ್ದು ನಿಜ. ಆದರೆ ಒಂದು ಲೋಟ ಕಾಫಿಗೆ 80 ಮಿ.ಲೀ. ಹಾಲು ಹಿಡಿಯುತ್ತದೆಂದು ಇಟ್ಟುಕೊಂಡರೆ ಒಂದು ಲೀಟರಿನಲ್ಲಿ ಹನ್ನೆರಡು ಲೋಟ ಕಾಫಿಯಾಗುತ್ತದೆ. ಲೀಟರಿಗೆ 4 ರೂಪಾಯಿ ಏರಿದರೆ ಲೋಟವೊಂದಕ್ಕೆ ತಗಲುವ ಹೆಚ್ಚಿನ ವೆಚ್ಚ ಸುಮಾರು 33 ಪೈಸೆ. ಮೂಲೆಯ ಮೇಜಿನಲ್ಲಿ ಕುಳಿತ ನಿವೃತ್ತ ಗಣಿತ ಮೇಷ್ಟ್ರು ಈ ಲೆಕ್ಕವನ್ನು ಕಾಗದವಿಲ್ಲದೆ ಮಾಡಿ, ‘ಮೂರು ರೂಪಾಯಿ ಏಕೆ ಏರಿಸಿದಿರಿ?’ ಎಂದು ಕೇಳಿಯೇ ಕೇಳುತ್ತಾರೆ.

ಕಾಫಿ ಪುಡಿಯ ಲೆಕ್ಕ ಬೇರೆ. ಬ್ರೆಜಿಲ್ ಮತ್ತು ವಿಯೆಟ್ನಾಂಗಳಲ್ಲಿ ಬೆಳೆ ಕೈಕೊಟ್ಟ ಕಾರಣ 2024 ಮತ್ತು 2025ರಲ್ಲಿ ಕಾಫಿ ಬೀಜದ ಬೆಲೆ ಜಗತ್ತಿನಾದ್ಯಂತ ದಾಖಲೆಯ ಮಟ್ಟಕ್ಕೆ ಏರಿತು. ಲೋಟಕ್ಕೆ ಹತ್ತು ಗ್ರಾಂ ಪುಡಿ ಎಂದರೆ ಕಿಲೋ ಒಂದಕ್ಕೆ ನೂರು ಲೋಟ. ಪುಡಿಯ ಬೆಲೆ ಕಿಲೋಗೆ 200 ರೂಪಾಯಿ ಏರಿದರೆ ಲೋಟಕ್ಕೆ ಎರಡು ರೂಪಾಯಿ. ಅಂದರೆ ಹಾಲಿಗಿಂತ ಆರು ಪಟ್ಟು ಹೆಚ್ಚಿನ ಹೊರೆ. ಆದರೂ ಮಾಲೀಕರ ಬಾಯಲ್ಲಿ ಬರುವುದು ಹಾಲೇ, ಏಕೆಂದರೆ ಹಾಲಿನ ದರ ಗ್ರಾಹಕರ ಮನೆಗೂ ಗೊತ್ತು. ಬಾಡಿಗೆ, ಕೂಲಿ, ಕೆಲಸದ ಹುಡುಗರ ಕೊಠಡಿಯ ಮುಂಗಡ ಇವುಗಳ ಹೆಸರನ್ನು ಗಲ್ಲಾದಲ್ಲಿ ಕುಳಿತು ಹೇಳಲು ಅವರಿಗೆ ಸಂಕೋಚ. ಬೈ ಟೂ ಕಾಫಿಯ ವಿಷಯದಲ್ಲೂ ಅಷ್ಟೆ. ಒಂದು ಲೋಟದ ಬೆಲೆಗೆ ಎರಡು ಲೋಟ ತೊಳೆಯಬೇಕು, ಇಬ್ಬರಿಗೆ ಜಾಗ ಕೊಡಬೇಕು. ಆದರೂ ಬೆಂಗಳೂರಿನಲ್ಲಿ ಅದನ್ನು ನಿರಾಕರಿಸಿ ಹೋಟೆಲು ನಡೆಸುವುದು ಸುಲಭವಲ್ಲ. ಅದು ವ್ಯಾಪಾರವೆನ್ನುವುದಕ್ಕಿಂತ ಈ ಊರಿನ ಮರ್ಯಾದೆ.

ಐದು ಶೇಕಡಾ ತೆರಿಗೆಯ ಒಳಗುಟ್ಟು

ಹೋಟೆಲಿನ ಬಿಲ್ಲಿನಲ್ಲಿ ಶೇ. 5ರ ಸರಕು ಮತ್ತು ಸೇವಾ ತೆರಿಗೆಯನ್ನು ಕಂಡು ‘ಕಡಿಮೆಯೇ’ ಎಂದು ಭಾವಿಸುವವರು ಹೆಚ್ಚು. 2017ರ ಜುಲೈ 1ರಂದು ಈ ತೆರಿಗೆ ಜಾರಿಗೆ ಬಂದಾಗ ಹವಾನಿಯಂತ್ರಣವಿಲ್ಲದ ಹೋಟೆಲುಗಳಿಗೆ ಶೇ. 12, ಇದ್ದವುಗಳಿಗೆ ಶೇ. 18 ಇತ್ತು ಮತ್ತು ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಜಮೆ ಪಡೆಯುವ ಅವಕಾಶವೂ ಇತ್ತು. ಅದೇ ವರ್ಷದ ನವೆಂಬರ್ 15ರಿಂದ ದರ ಶೇ. 5ಕ್ಕೆ ಇಳಿಯಿತು, ಜೊತೆಗೆ ಇನ್‌ಪುಟ್ ತೆರಿಗೆಯ ಜಮೆಯೂ ಹೋಯಿತು. ದೊಡ್ಡ ತಂಗುದಾಣಗಳ ಭೋಜನಾಲಯಗಳನ್ನು ಬಿಟ್ಟರೆ ಉಳಿದವರಿಗೆಲ್ಲ ಇದೇ ನಿಯಮ.

ಇದರ ಪರಿಣಾಮ ಕಾರ್ಖಾನೆಯವರಿಗೆ ಬೇಗ ಅರ್ಥವಾಗುತ್ತದೆ. 19 ಕಿಲೋ ವಾಣಿಜ್ಯ ಅನಿಲ ಸಿಲಿಂಡರಿನ ಮೇಲೆ ಶೇ. 18, ರುಬ್ಬುವ ಯಂತ್ರದ ಮೇಲೆ, ಶೀತಕ ಪೆಟ್ಟಿಗೆಯ ಮೇಲೆ, ಅದರ ರಿಪೇರಿಯ ಮೇಲೆ, ನನ್ನಂತಹವರ ಶುಲ್ಕದ ಮೇಲೆ ಶೇ. 18. ಕಾರ್ಖಾನೆಯವರಿಗೆ ಇವೆಲ್ಲ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಪಡೆಯುವ ಹಣ. ಹೋಟೆಲಿನವರಿಗೆ ಕೊಟ್ಟದ್ದು ಕೊಟ್ಟಂತೆಯೇ. ಇದಕ್ಕೆ ಮತ್ತೊಂದು ಮುಖವೂ ಇದೆ. 2025ರ ಸೆಪ್ಟೆಂಬರ್ 22ರಿಂದ ತುಪ್ಪ ಮತ್ತು ಬೆಣ್ಣೆಯ ಮೇಲಿನ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿದಾಗ, ಜಮೆ ಪಡೆಯುವ ಉದ್ಯಮಗಳಿಗೆ ಅದರಿಂದ ವೆಚ್ಚದಲ್ಲಿ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಬೆಣ್ಣೆ ದೋಸೆಯ ಹೋಟೆಲಿಗೆ ಮಾತ್ರ ಆ ಏಳು ಶೇಕಡಾ ನೇರವಾಗಿ ವೆಚ್ಚದಲ್ಲಿ ಇಳಿಯಿತು. ಇಂತಹ ಬದಲಾವಣೆ ಆದ ತಿಂಗಳೇ ದಿನಸಿ ಬಿಲ್ಲನ್ನು ಹಿಂದಿನದರ ಪಕ್ಕದಲ್ಲಿಟ್ಟು ನೋಡಬೇಕು; ಮಂಡಿಯವರು ತಾವಾಗಿ ಹೇಳುವರೆಂದು ಕಾಯುವುದು ಬೇಡ.

ಬಾಡಿಗೆಯ ವಿಚಾರ ಇನ್ನೂ ಗಂಭೀರ. 2024ರ ಅಕ್ಟೋಬರ್ 10ರಿಂದ, ನೋಂದಣಿಯಿಲ್ಲದ ಒಡೆಯರಿಂದ ವಾಣಿಜ್ಯ ಕಟ್ಟಡವನ್ನು ಬಾಡಿಗೆಗೆ ಪಡೆದ ನೋಂದಾಯಿತ ವ್ಯಾಪಾರಿಯು ಆ ಬಾಡಿಗೆಯ ಮೇಲೆ ಶೇ. 18 ತೆರಿಗೆಯನ್ನು ರಿವರ್ಸ್ ಚಾರ್ಜ್ ಕ್ರಮದಲ್ಲಿ ತಾನೇ ಕಟ್ಟಬೇಕಾಯಿತು. ತಿಂಗಳಿಗೆ ಒಂದು ಲಕ್ಷ ಬಾಡಿಗೆ ಕೊಡುವ ಹೋಟೆಲಿಗೆ ಇದು 18,000 ರೂಪಾಯಿಯ ಹೊಸ ಖರ್ಚು, ಜಮೆ ಇಲ್ಲ. ಕಾಂಪೋಸಿಷನ್, ಅಂದರೆ ರಾಜಿ ತೆರಿಗೆ ಪದ್ಧತಿಯಲ್ಲಿರುವವರನ್ನು 2025ರ ಜನವರಿಯ ಅಧಿಸೂಚನೆಯಿಂದ ಇದರ ಹೊರಗಿಡಲಾಯಿತು. ವಾರ್ಷಿಕ ಒಂದೂವರೆ ಕೋಟಿ ರೂಪಾಯಿಗಳೊಳಗಿನ ಹೋಟೆಲುಗಳಿಗೆ ಈ ಪದ್ಧತಿ ಲಭ್ಯ. ತೆರಿಗೆ ಶೇ. 5ರಷ್ಟೇ ಆದರೂ ಅದನ್ನು ಗ್ರಾಹಕರಿಂದ ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ, ಕೈಯಿಂದಲೇ ಕೊಡಬೇಕು. ಎರಡರಲ್ಲಿ ಯಾವುದು ಲಾಭಕರವೆಂಬುದು ಬಾಡಿಗೆಯ ಗಾತ್ರವನ್ನೂ, ಫಲಕದ ಬೆಲೆಯ ಮೇಲೆ ತೆರಿಗೆ ಸೇರಿಸಿದರೆ ಗ್ರಾಹಕರು ಒಪ್ಪುವರೇ ಎಂಬುದನ್ನೂ ಅವಲಂಬಿಸಿದೆ. ವರ್ಷದ ಆರಂಭದಲ್ಲೇ ಒಮ್ಮೆ ಲೆಕ್ಕ ಹಾಕಿ ನಿರ್ಧರಿಸತಕ್ಕದ್ದು.

2025ರ ಜುಲೈ ತಿಂಗಳಿನ ಗದ್ದಲವನ್ನು ಓದುಗರು ಮರೆತಿರಲಾರರು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಪಾವತಿಗಳ ವಿವರ ಪಡೆದು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದಾಗ ಅನೇಕ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ಕಾಣಿಸಿಕೊಂಡವು. ಆ ತಿಂಗಳ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಪ್ರತಿನಿಧಿಗಳೊಂದಿಗೆ ಸಭೆ ನಡೆಸಿ ಹಳೆಯ ಬಾಕಿಗಳ ಬಗ್ಗೆ ಭರವಸೆ ಕೊಟ್ಟ ನಂತರ ವಾತಾವರಣ ತಿಳಿಯಾಯಿತು. ಆ ದಿನಗಳಲ್ಲಿ ನನ್ನ ಕಛೇರಿಗೆ ಬಂದ ಹಲವರು ನಲವತ್ತು ಲಕ್ಷದವರೆಗೆ ನೋಂದಣಿ ಬೇಡವೆಂದು ನಂಬಿದ್ದರು. ನಲವತ್ತು ಲಕ್ಷದ ಮಿತಿ ಸರಕು ಮಾರುವವರಿಗೆ. ಹೋಟೆಲು ಕಾನೂನಿನ ದೃಷ್ಟಿಯಲ್ಲಿ ಸೇವೆ. ಅದರ ಮಿತಿ ಇಪ್ಪತ್ತು ಲಕ್ಷ. ಇಪ್ಪತ್ತು ಲಕ್ಷವೆಂದರೆ ದಿನಕ್ಕೆ ಸುಮಾರು 5,480 ರೂಪಾಯಿ. ಒಂದು ಪ್ಲೇಟಿಗೆ 40 ರೂಪಾಯಿಯಾದರೆ ದಿನಕ್ಕೆ 137 ಪ್ಲೇಟು. ಬಸ್ ನಿಲ್ದಾಣದ ಪಕ್ಕದ ತೀರ ಚಿಕ್ಕ ಹೋಟೆಲೂ ಬೆಳಗಿನ ಹತ್ತು ಗಂಟೆಯೊಳಗೆ ಇದನ್ನು ದಾಟುತ್ತದೆ. ಕ್ಯೂಆರ್ ಫಲಕವನ್ನು ತೆಗೆದುಹಾಕುವುದು ಇದಕ್ಕೆ ಪರಿಹಾರವಲ್ಲವೆಂದು ಎಷ್ಟೋ ಮಂದಿಗೆ ಹೇಳಬೇಕಾಯಿತು. ಆದಾಯ ತೆರಿಗೆಯ ಅಂದಾಜು ಲಾಭದ ಪದ್ಧತಿಯಲ್ಲಿ ನಗದು ವಹಿವಾಟಿಗೆ ಶೇ. 8, ಬ್ಯಾಂಕಿನ ಮೂಲಕ ಬಂದುದಕ್ಕೆ ಶೇ. 6 ಎಂಬ ರಿಯಾಯಿತಿ ಇರುವುದನ್ನು ಅವರಾರೂ ಕೇಳಿರಲಿಲ್ಲ.

ಒಬ್ಬ ಯಜಮಾನರ ಪ್ರಶ್ನೆ

ಈಗ ನನ್ನ ಲೋಪದ ವಿಚಾರ. ದಕ್ಷಿಣ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಕುಂದಾಪುರ ಕಡೆಯ ಕುಟುಂಬವೊಂದು ನಡೆಸುತ್ತಿರುವ ಹೋಟೆಲಿದೆ. ತಂದೆಯವರು ಆರಂಭಿಸಿದ್ದು; ಅವರ ಕಾಲದಲ್ಲೇ ನೆಲಮಹಡಿಯ ಸ್ವಂತ ಕಟ್ಟಡವೂ ಆಗಿತ್ತು. ಈಗಿನ ಯಜಮಾನರ ಲೆಕ್ಕವನ್ನು ನಾನು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನೋಡುತ್ತಿದ್ದೇನೆ. ಅಂದಾಜು ಲಾಭದ ಪದ್ಧತಿಯಲ್ಲಿ, ಕನಿಷ್ಠ ಪ್ರಮಾಣಕ್ಕಿಂತ ಹೆಚ್ಚಿನ ಆದಾಯವನ್ನೇ ಪ್ರಾಮಾಣಿಕವಾಗಿ ಘೋಷಿಸಿ ತೆರಿಗೆ ಕಟ್ಟಿದವರು. ಪೂರ್ಣ ಪುಸ್ತಕಗಳನ್ನು ಇಡಬೇಕಾಗಿಲ್ಲವೆಂಬ ಅನುಕೂಲ ಅವರಿಗೂ ಇತ್ತು, ನನಗೂ ಇತ್ತು. ಪ್ರತಿ ವರ್ಷ ಜುಲೈಯಲ್ಲಿ ಹೋಗಿ ಸಹಿ ಹಾಕಿಸಿಕೊಂಡು, ಒಂದು ಮಸಾಲೆ ದೋಸೆ ತಿಂದು, ಕಾಫಿ ಕುಡಿದು ಬರುತ್ತಿದ್ದೆ. ಹಣ ಕೊಡಲು ಹೋದರೆ ಅವರು ಎಂದೂ ತೆಗೆದುಕೊಂಡವರಲ್ಲ.

2024ರ ಕೊನೆಯಲ್ಲಿ ಅವರೇ ನನ್ನ ಕಛೇರಿಗೆ ಬಂದರು. ಬೆಳಗಿನ ಹೊತ್ತು ಗಲ್ಲಾ ಬಿಟ್ಟು ಬಂದಿದ್ದರಿಂದಲೇ ವಿಷಯ ಗಂಭೀರವೆಂದು ಊಹಿಸಿದೆ. ಸಿದ್ಧ ಉಡುಪಿನ ಮಳಿಗೆಯವರು ಅವರ ನೆಲಮಹಡಿಯನ್ನು ಬಾಡಿಗೆಗೆ ಕೇಳಿದ್ದರು. ಮಗ ಬೇರೆ ಉದ್ಯೋಗದಲ್ಲಿದ್ದಾನೆ, ಹೋಟೆಲಿಗೆ ಬರುವವನಲ್ಲ. ‘ಆಡಿಟರೇ, ಒಂದು ಮಾತು ಕೇಳ್ತೇನೆ, ಬೇಸರ ಮಾಡ್ಬೇಡಿ. ಇಷ್ಟು ವರ್ಷ ಹೋಟೆಲಿನಿಂದ ನಮಗೆ ಲಾಭ ಉಂಟಾ, ಇಲ್ವಾ?’ ಎಂದು ಕೇಳಿದರು. ಇಪ್ಪತ್ತು ವರ್ಷಗಳ ಕಡತ ನನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಆದರೂ ಆ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ನಾನು ತೆರಿಗೆಯ ಲೆಕ್ಕವನ್ನು ಇಟ್ಟಿದ್ದೆನೇ ಹೊರತು ಹೋಟೆಲಿನ ಲೆಕ್ಕವನ್ನಲ್ಲ. ಸಂಜೆ ಬರುತ್ತೇನೆಂದು ಹೇಳಿ ಕಳುಹಿಸಿದೆ.

ಮುಂದಿನ ಮೂರು ವಾರ ಪ್ರತಿ ಸಂಜೆ ಅವರ ಹಿಂದಿನ ಕೋಣೆಯಲ್ಲಿ, ಅಕ್ಕಿ ಮೂಟೆಗಳ ನಡುವೆ ಕುಳಿತು ಬಿಲ್ಲುಗಳನ್ನು ಜೋಡಿಸಿದೆವು. ಕಕ್ಷಿದಾರರ ನೈಜ ಅಂಕಿಗಳನ್ನು ಪ್ರಕಟಿಸುವುದು ವೃತ್ತಿಧರ್ಮಕ್ಕೆ ಸಲ್ಲದು. ಆದುದರಿಂದ ಲೆಕ್ಕದ ರೀತಿ ತಿಳಿಯಲೆಂದು ಬೇರೆಯೇ ಆದ ದುಂಡು ಅಂಕಿಗಳನ್ನು ಇಟ್ಟುಕೊಳ್ಳುತ್ತೇನೆ. ತಿಂಗಳ ವ್ಯಾಪಾರ 9,00,000 ರೂಪಾಯಿ ಎನ್ನೋಣ. ದಿನಸಿ, ಹಾಲು, ತರಕಾರಿ 3,60,000. ರಾಜಿ ತೆರಿಗೆ 45,000. ಅನಿಲ 60,000. ವಿದ್ಯುತ್ತು ಮತ್ತು ನೀರು 25,000. ಹತ್ತು ಮಂದಿ ಕೆಲಸಗಾರರ ಸಂಬಳ, ಅವರ ಕೊಠಡಿಯ ಬಾಡಿಗೆ ಸೇರಿ 2,10,000. ರಿಪೇರಿ, ಶುಚಿತ್ವ, ಇತರೆ 40,000. ಒಟ್ಟು ಖರ್ಚು 7,40,000. ಉಳಿಕೆ 1,60,000 ರೂಪಾಯಿ, ಅಂದರೆ ವ್ಯಾಪಾರದ ಸುಮಾರು ಶೇ. 18. ಇಲ್ಲಿಯವರೆಗೆ ನೋಡಿದವರು ಇದು ಉತ್ತಮ ವ್ಯಾಪಾರವೆಂದೇ ಹೇಳುತ್ತಾರೆ. ಯಜಮಾನರ ಮುಖವೂ ಅರಳಿತ್ತು.

ಆದರೆ ಇಲ್ಲಿ ಎರಡು ಖರ್ಚುಗಳನ್ನು ಬರೆದೇ ಇಲ್ಲ. ಬೆಳಗಿನ ಐದರಿಂದ ರಾತ್ರಿ ಒಂಬತ್ತರವರೆಗೆ ಯಜಮಾನರು ಅಲ್ಲಿದ್ದಾರೆ. ಮಧ್ಯಾಹ್ನ ಅವರು ಊಟಕ್ಕೆ ಎದ್ದಾಗ ಗಲ್ಲಾದಲ್ಲಿ ಅವರ ಪತ್ನಿ ಕುಳಿತುಕೊಳ್ಳುತ್ತಾರೆ. ಆ ಕೆಲಸಕ್ಕೆ ವ್ಯವಸ್ಥಾಪಕನೊಬ್ಬನನ್ನೂ ಗುಮಾಸ್ತನೊಬ್ಬನನ್ನೂ ಇಟ್ಟಿದ್ದರೆ 60,000 ರೂಪಾಯಿ ಬೇಕಿತ್ತು. ಎರಡನೆಯದು ಸ್ವಂತ ಕಟ್ಟಡದ ಬಾಡಿಗೆ. ಬಟ್ಟೆ ಮಳಿಗೆಯವರು ಕೊಡಲು ಸಿದ್ಧರಿದ್ದದ್ದು 1,50,000 ಎಂದಿಟ್ಟುಕೊಳ್ಳಿ. ಎರಡೂ ಸೇರಿ 2,10,000. ಉಳಿಕೆಯಾಗಿದ್ದ 1,60,000ದಲ್ಲಿ ಇದನ್ನು ಕಳೆದರೆ ತಿಂಗಳಿಗೆ 50,000 ರೂಪಾಯಿ ನಷ್ಟ. ಅಂದರೆ ಕಟ್ಟಡವನ್ನು ಬಾಡಿಗೆಗೆ ಕೊಟ್ಟು, ಗಂಡ ಹೆಂಡತಿ ಇಬ್ಬರೂ ಬೇರೊಬ್ಬರ ಹೋಟೆಲಿನಲ್ಲಿ ಸಂಬಳಕ್ಕೆ ಕುಳಿತರೆ ಈಗಿಗಿಂತ ಹೆಚ್ಚು ಗಳಿಸುತ್ತಾರೆ.

ಸ್ವಂತ ಕಟ್ಟಡದ ಬಾಡಿಗೆಯನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಆ ಕಾರಣದಿಂದಲೇ ನಾವು ಲೆಕ್ಕಪರಿಶೋಧಕರು ಅದನ್ನು ಕೇಳುವುದಿಲ್ಲ, ನಾವು ಕೇಳದ ಕಾರಣ ಮಾಲೀಕರು ಯೋಚಿಸುವುದಿಲ್ಲ. ಅಪ್ಪ ಕಟ್ಟಿಸಿದ ಶೆಡ್ಡಿನಲ್ಲಿ ಲೇತ್ ಯಂತ್ರ ನಡೆಸುವ ನಮ್ಮ ಸದಸ್ಯರೂ, ಅಜ್ಜನ ಕಾಲದ ಮಳಿಗೆಯಲ್ಲಿ ಕಿರಾಣಿ ಮಾರುವವರೂ ಇದೇ ಸಾಲಿಗೆ ಸೇರುತ್ತಾರೆ. ಬಾಡಿಗೆ ಕಟ್ಟಡದಲ್ಲಿರುವ ಪ್ರತಿಸ್ಪರ್ಧಿಗಿಂತ ಕಡಿಮೆ ಬೆಲೆಗೆ ಮಾರಲು ತಮಗೆ ಸಾಧ್ಯವಾಗುತ್ತಿರುವುದು ತಮ್ಮ ಜಾಣತನದಿಂದಲೆಂದು ಅವರು ಭಾವಿಸಿರುತ್ತಾರೆ. ಬಾಡಿಗೆ ಕಟ್ಟಡದವರಿಗೆ ಈ ಭ್ರಮೆ ಇಲ್ಲ. ಅವರ ಕಷ್ಟ ಬೇರೆ. ಮಹಾತ್ಮ ಗಾಂಧಿ ರಸ್ತೆಯಲ್ಲಿ ಐವತ್ತು ವರ್ಷ ನಡೆದ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಕಟ್ಟಡ ಬಿಡಬೇಕಾಗಿ ಬಂದು ಚರ್ಚ್ ಸ್ಟ್ರೀಟಿಗೆ ಹೋಯಿತು. ಗ್ರಾಹಕರ ಕೊರತೆಯಿಂದ ಅಲ್ಲ.

ನಾನು ಅಂಕಿಗಳನ್ನು ಓದಿ ಹೇಳಿದಾಗ ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, ‘ಎಂತ ಮಾರಾಯ್ರೆ, ನಾನು ದಿನಾ ಜನರಿಗೆ ದುಡ್ಡು ಕೊಟ್ಟು ತಿಂಡಿ ತಿನ್ನಿಸಿದ ಹಾಗಾಯ್ತಲ್ಲ’ ಎಂದರು. ಅವರ ಪತ್ನಿ ಮಾತ್ರ ಬೇರೆಯದನ್ನೇ ಕೇಳಿದರು. ‘ಒಬ್ಬರಿಗೆ ಎಷ್ಟು ಕೊಟ್ಟ ಹಾಗಾಯ್ತು?’

ಅದು ಸರಿಯಾದ ಪ್ರಶ್ನೆ. ನಾನು ಹಾಕಬೇಕಾಗಿದ್ದ ಲೆಕ್ಕವನ್ನು ಅವರು ಹಾಕಿಸಿದರು. ತಿಂಗಳಿಗೆ 9,00,000 ವ್ಯಾಪಾರ, ತಲಾ ಸರಾಸರಿ 50 ರೂಪಾಯಿ ಎಂದರೆ ದಿನಕ್ಕೆ 600 ಮಂದಿ, ತಿಂಗಳಿಗೆ 18,000 ಮಂದಿ. 50,000 ರೂಪಾಯಿ ನಷ್ಟವನ್ನು 18,000ರಿಂದ ಭಾಗಿಸಿದರೆ ತಲೆಗೆ 2 ರೂಪಾಯಿ 78 ಪೈಸೆ. ಪ್ರತಿಯೊಬ್ಬರಿಂದ ಸರಾಸರಿ ಮೂರು ರೂಪಾಯಿ ಹೆಚ್ಚು ಪಡೆದರೆ 54,000. ಅದರ ಮೇಲಿನ ತೆರಿಗೆ 2,700 ಕಳೆದು 51,300. ನಷ್ಟ ತುಂಬಿತು. ಅಪ್ಪನ ಕಾಲದ ಹೋಟೆಲನ್ನು ಬಟ್ಟೆ ಅಂಗಡಿಗೆ ಬಿಟ್ಟುಕೊಡುವುದಕ್ಕೂ ಉಳಿಸಿಕೊಳ್ಳುವುದಕ್ಕೂ ನಡುವೆ ಇದ್ದ ಅಂತರ ತಲೆಗೆ ಮೂರು ರೂಪಾಯಿ.

ಏರಿಕೆಯನ್ನು ಹಂಚುವುದು ಮಾತ್ರ ಅಷ್ಟು ಸುಲಭವಾಗಿರಲಿಲ್ಲ. ಇಡ್ಲಿಗೆ ಏರಿಸಬಾರದೆಂದು ಯಜಮಾನರ ಹಟ, ಏಕೆಂದರೆ ಆಟೋ ಚಾಲಕರು ಮತ್ತು ಹತ್ತಿರದ ಆಸ್ಪತ್ರೆಯ ರೋಗಿಗಳ ಕಡೆಯವರು ತಿನ್ನುವುದು ಅದನ್ನೇ. ಬೆಣ್ಣೆ ಮಸಾಲೆಯ ಗ್ರಾಹಕರು ಹೆಚ್ಚು ಕೇಳುವುದಿಲ್ಲವೆಂದು ಅದಕ್ಕೆ ಏಳು ರೂಪಾಯಿ, ಕಾಫಿಗೆ ಮೂರು, ಭಾತುಗಳಿಗೆ ಐದು ಎಂದು ಕೊನೆಗೆ ತೀರ್ಮಾನವಾಯಿತು. ಮನೆಗೆ ತಿಂಡಿ ತಲುಪಿಸುವ ಆ್ಯಪ್‌ಗಳ ಮೂಲಕ ಮಾರುವ ಸಲಹೆಯೂ ಬಂತು. 2022ರ ಜನವರಿಯಿಂದ ಆ ಮಾರಾಟದ ತೆರಿಗೆಯನ್ನು ಆ್ಯಪ್ ಕಂಪನಿಗಳೇ ಕಟ್ಟುತ್ತವೆಯಾದರೂ, ಅವರ ಕಮಿಷನ್ ಮತ್ತು ಅದರ ಮೇಲಿನ ಶೇ. 18 ತೆರಿಗೆ ಹೋಟೆಲಿನ ತಲೆಯ ಮೇಲೆಯೇ ಬೀಳುತ್ತದೆ. ಬೆಳಗಿನ ಹೊತ್ತು ನಿಲ್ಲಲು ಜಾಗವಿಲ್ಲದ ಹೋಟೆಲಿಗೆ ಅದು ಬೇಡವೆಂದೆ. ಮಧ್ಯಾಹ್ನ ಮೂರರಿಂದ ಐದರವರೆಗೆ ಒಲೆ ಸುಮ್ಮನಿರುವಾಗ ಬೇಕಾದರೆ ನೋಡಬಹುದು.

ಬೆಲೆ ಏರಿಸಿದ ಮೊದಲ ವಾರ ಗಲಾಟೆಯಾಯಿತು. ಕೆಲವು ಹಳೆಯ ಗ್ರಾಹಕರು ಎದುರಿನ ರಸ್ತೆಯ ಹೋಟೆಲಿಗೆ ಹೋದರು. ಪೂರ್ಣ ಕಾಫಿ ಕುಡಿಯುತ್ತಿದ್ದ ಕೆಲವರು ಬೈ ಟೂಗೆ ಬಂದರು. ಮೂರನೆಯ ತಿಂಗಳ ಹೊತ್ತಿಗೆ ವ್ಯಾಪಾರ ಹಿಂದಿನ ಮಟ್ಟಕ್ಕೆ ಮರಳಿತು. ಬಟ್ಟೆ ಮಳಿಗೆಯವರಿಗೆ ಸದ್ಯಕ್ಕೆ ಇಲ್ಲವೆಂದು ಹೇಳಲಾಗಿದೆ. ‘ಸದ್ಯಕ್ಕೆ’ ಎಂಬ ಮಾತನ್ನು ಯಜಮಾನರು ಒತ್ತಿ ಹೇಳಿದರು. ಮಗ ಬರುವುದಿಲ್ಲವೆಂಬ ಸಂಗತಿ ಯಾವ ಬೆಲೆ ಏರಿಕೆಯಿಂದಲೂ ಬಗೆಹರಿಯುವಂಥದ್ದಲ್ಲ. ಅವರಿಗೆ ಅರವತ್ತು ದಾಟಿದೆ, ಮಂಡಿ ನೋವು ಬೇರೆ. ಇಪ್ಪತ್ತು ವರ್ಷ ಜೊತೆಗಿರುವ ಅಡುಗೆ ಭಟ್ಟರಿಗೆ ಪಾಲುದಾರಿಕೆ ಕೊಡಬಹುದೇ ಎಂದು ಈಗ ಯೋಚಿಸುತ್ತಿದ್ದಾರೆ. ಅದರ ಕರಡನ್ನು ನಾನು ಸಿದ್ಧಪಡಿಸಬೇಕಾಗಿದೆ. ಆ ಕರಡಿನಲ್ಲಿ ಕಟ್ಟಡದ ಬಾಡಿಗೆಗೆ ಒಂದು ಪ್ರತ್ಯೇಕ ಕಲಮು ಇರುತ್ತದೆ.

ಅಲ್ಲಿಯವರೆಗೆ ಗಲ್ಲಾದ ಪಕ್ಕದಲ್ಲಿ ಇನ್ನೊಂದು ತೆಳುವಾದ ನೋಟುಪುಸ್ತಕ ಬಂದಿದೆ. ತಿಂಗಳ ಮೊದಲನೆಯ ತಾರೀಖು ಯಜಮಾನರ ಪತ್ನಿ ಅದರಲ್ಲಿ ಕಟ್ಟಡದ ಬಾಡಿಗೆ ಮತ್ತು ತಮ್ಮಿಬ್ಬರ ಸಂಬಳ ಬರೆದು, ಅಷ್ಟು ಹಣವನ್ನು ಬೇರೆ ಖಾತೆಗೆ ಹಾಕಿದ ಮೇಲೆಯೇ ಉಳಿದುದನ್ನು ಲಾಭವೆನ್ನುತ್ತಾರೆ. ಕಳೆದ ಜುಲೈಯಲ್ಲಿ ಸಹಿ ಹಾಕಿಸಲು ಹೋದಾಗ ಎಂದಿನಂತೆ ದೋಸೆ, ಕಾಫಿ ಆಯಿತು. ಎದ್ದು, ವಾಡಿಕೆಗೆಂದು ಜೇಬಿಗೆ ಕೈ ಹಾಕಿದೆ. ಯಜಮಾನರು ಕೈ ಚಾಚಿ ನೋಟನ್ನು ತೆಗೆದುಕೊಂಡು, ಚಿಲ್ಲರೆ ಎಣಿಸಿ ಕೊಟ್ಟು, ‘ಪುಸ್ತಕಕ್ಕೆ ಬರೀಬೇಕಲ್ಲ ಆಡಿಟರೇ’ ಎಂದರು.